ಕೋಪರಿಗೆ ಶೂಟರ್ ಬಂದ ಭಾನುವಾರ

ಮುಂಬಯಿ ಪಕ್ಕದ ಠಾಣೆ ನಗರದ ಕೋಪರಿಯಲ್ಲಿ, ನವಕಿರಣ ಹೌಸಿಂಗ್ ಸೊಸೈಟಿಯ ವಸಂತಕುಮಾರರನ್ನು ಕಂಡು ಹೆದರಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಘಣಸೋಲಿಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದ ಅವರು ಸಾಂಬಾರು ತಣ್ಣಗಿದೆ ಎಂದವರಿಗೂ, ವಿಪರೀತ ಬಿಸಿಯಿದೆ ಎಂದವರಿಗೂ ‘ಸಾರಿ ಸಾಬ್’ ಎನ್ನುತ್ತಿದ್ದರು. ಸಂಜೆ ಠಾಣೆಗೆ ಬರುವ ಲೋಕಲ್‌ನಲ್ಲಿ ಯಾರಾದರೂ ಕಾಲು ತುಳಿದರೆ ತುಳಿದವರಿಗೂ ಅದನ್ನೇ ಹೇಳುತ್ತಿದ್ದರು. ಇಂಥ ಮನುಷ್ಯನ ಮೇಲೆ ಸುಪಾರಿ ಕೊಟ್ಟ ಆರೋಪ ಬಂತೆಂದರೆ ನಂಬುವುದು ಕಷ್ಟ. ಆದರೆ ಬಂತು. ಅದೂ ಪಾಯಸದ ಸಮೇತ ಬಂತು.

ಇದಕ್ಕೆಲ್ಲ ಮೂಲ ಅವರ ಹೆಂಡತಿ ಜಯಲತಾ. ಐವತ್ತು ತುಂಬುವ ಹೊತ್ತಿಗೆ ಆಕೆಗೆ ಬಲಭುಜ ಹಿಡಿದುಕೊಂಡಿತು. ವ್ಯಾಯಾಮ ಹೇಳಿಕೊಡುವವರ ಬಳಿಗೆ ಹೋಗುತ್ತಿದ್ದಾಗ ಪಕ್ಕದ ಕೋಣೆಯಲ್ಲಿ ಏರ್ ಪಿಸ್ತೂಲಿನ ರೇಂಜ್ ಇರುವುದು ಕಂಡಿತು. ಒಂದು ದಿನ ಒಳಗೆ ಹೋಗಿ, ನಾನೊಮ್ಮೆ ನೋಡಲಾ ಎಂದು ಕೇಳಿದಳು. ಕೋಚ್ ನಗುತ್ತ ಪಿಸ್ತೂಲು ಕೊಟ್ಟ. ಗುರಿಯ ಕಾಗದ ಹತ್ತಿರ ತರಿಸಿ ನೋಡಿದಾಗ ಅವನ ನಗು ನಿಂತು, ನಾಳೆಯೂ ಬನ್ನಿ ಎಂದ. ಜಯಲತಾ ನಾಳೆಯೂ ಹೋದಳು, ನಾಡಿದ್ದೂ ಹೋದಳು. ಎರಡು ವರ್ಷದಲ್ಲಿ ಹಿರಿಯರ ವಿಭಾಗದ ರಾಜ್ಯ ಸ್ಪರ್ಧೆಗೆ ಆಯ್ಕೆಯಾದಳು. ಭುಜದ ನೋವು ಯಾವಾಗ ಹೋಯಿತೆಂದು ಆಕೆಗೂ ನೆನಪಿಲ್ಲ.

ಈ ಆಟದಲ್ಲಿ ಗುಂಡು ಹಾರಿಸುವುದಕ್ಕಿಂತ ಹಾರಿಸದೆ ನಿಲ್ಲುವುದೇ ಹೆಚ್ಚು. ಖಾಲಿ ಪಿಸ್ತೂಲು ಹಿಡಿದು, ಕೈ ನೀಡಿ, ಬರಿಗೋಡೆಯನ್ನು ನೋಡುತ್ತ ಅಲ್ಲಾಡದೆ ನಿಲ್ಲಬೇಕು. ಜಯಲತಾಳ ಮನೆಯಲ್ಲಿ ಅಷ್ಟು ಬರಿದಾದ ಗೋಡೆ ಒಂದೇ ಇತ್ತು, ಅದರ ನಡುವೆ ಅತ್ತೆಯ ಫೋಟೋ ಇತ್ತು. ದಿನಾ ಅಮ್ಮನ ಕಡೆ ಪಿಸ್ತೂಲು ಎತ್ತುವುದು ವಸಂತಕುಮಾರರಿಗೆ ಸರಿ ಕಾಣಲಿಲ್ಲ. ಹಾಗಾಗಿ ಅವಳು ನೆಲಮಹಡಿಯಲ್ಲಿದ್ದ ಸೊಸೈಟಿ ಹಾಲ್‌ಗೆ ಹೋಗತೊಡಗಿದಳು. ಗಣೇಶ ಚತುರ್ಥಿಯ ಮಂಟಪದ ಹಲಗೆಗಳನ್ನೂ ಮುರಿದ ಕುರ್ಚಿಗಳನ್ನೂ ಬಿಟ್ಟರೆ ಆ ಹಾಲ್‌ಗೆ ಬೇರೆ ಯಾರೂ ಹೋಗುತ್ತಿರಲಿಲ್ಲ.

ಸೊಸೈಟಿಯ ಚೇರ್ಮನ್ ಮೋಹನದಾಸರಿಗೆ ಇದನ್ನು ಸಹಿಸಲಾಗಲಿಲ್ಲ. ವಸಂತಕುಮಾರರಂತೆ ಅವರೂ ಉಡುಪಿ ಕಡೆಯವರೇ. ಚೇರ್ಮನ್ ಪದವಿ ತಮಗೆ ಹುಟ್ಟಿನಿಂದಲೇ ಬಂದದ್ದೆಂದು ತಿಳಿದವರು. ಒಂದು ದಿನ ಹಾಲ್‌ಗೆ ಬೀಗ ಹಾಕಿಸಿದರು. ಆಮೇಲೆ ವರ್ಷದ ಸಭೆಯಲ್ಲಿ, ಎಲ್ಲರ ಕೈಯಲ್ಲಿ ಸಮೋಸ ಇರುವಾಗ, ಆ ಮಾತನ್ನು ತಾವಾಗಿಯೇ ಎತ್ತಿದರು.

“ಈ ಪ್ರಾಯದಲ್ಲಿ ಹೆಂಗಸರಿಗೆ ಪಿಸ್ತೂಲ್ ಎಂತದಕ್ಕೆ? ಇವತ್ತು ಗೋಡೆ, ನಾಳೆ ನಾವು.”

ಜನ ನಕ್ಕರು. ಜಯಲತಾ ನಗಲಿಲ್ಲ, ತಲೆ ತಗ್ಗಿಸಲೂ ಇಲ್ಲ. ವಸಂತಕುಮಾರರು ಎದ್ದು ನಿಂತರು. ಎಂದಿನಂತೆ ಸಾರಿ ಹೇಳಲೆಂದೇ ಎದ್ದದ್ದು ಎಂದು ಅವರನ್ನು ಬಲ್ಲವರು ಈಗಲೂ ಹೇಳುತ್ತಾರೆ. ಆದರೆ ಬಾಯಿಂದ ಬಂದದ್ದು ಬೇರೆ.

“ನೋಡಿ ಮೋಹನದಾಸರೇ, ನಾನು ಎಂಥವರನ್ನು ಕರೆಸ್ತೇನೆ ನೋಡಿ. ಹಾಲ್‌ನ ಬೀಗ ನೀವೇ ತೆಗೆದುಕೊಡುವ ಹಾಗೆ ಮಾಡ್ತೇನೆ.”

ಇಷ್ಟು ಹೇಳಿ ಕುಳಿತಾಗ ಕೈಯಲ್ಲಿದ್ದ ಸಮೋಸ ಪುಡಿಯಾಗಿತ್ತು. ಯಾರನ್ನು ಕರೆಸುವುದೆಂದು ಆ ಕ್ಷಣದಲ್ಲಿ ಅವರಿಗೂ ಗೊತ್ತಿರಲಿಲ್ಲ. ಮನೆಗೆ ಬಂದ ಮೇಲೆ ಜಯಲತಾ ಅದನ್ನೇ ಕೇಳಿದಳು. ರಾತ್ರಿಯೆಲ್ಲ ಯೋಚಿಸಿ ಅವರು ಕೋಚ್‌ಗೆ ಫೋನ್ ಮಾಡಿದರು. ಕೋಚ್ ಒಂದು ನಂಬರ್ ಕೊಟ್ಟ. ಅದು ಖಾರಘರದ ಶರ್ಮಿಳಾಳದು. ಏರ್ ಪಿಸ್ತೂಲಿನಲ್ಲಿ ದೇಶಕ್ಕೇ ಮೊದಲಿಗಳು, ಪರದೇಶಗಳಲ್ಲಿ ಪದಕ ಗೆದ್ದವಳು, ಮೂಲ ಕಾರ್ಕಳದ ಕಡೆಯ ಮನೆತನ. ವಸಂತಕುಮಾರರು ನಂಬರ್ ಒತ್ತಿ ವಿಷಯ ಹೇಳಿದರು. ಅವಳು ಹೆಚ್ಚೇನೂ ಕೇಳಲಿಲ್ಲ. ಹಾಲ್‌ಗೆ ಬೀಗ ಹಾಕಿದ್ದು ನಿಜವೇ ಎಂದು ಒಮ್ಮೆ ಕೇಳಿದಳು. ನಿಜವೆಂದಾಗ, ಮುಂದಿನ ಭಾನುವಾರ ಠಾಣೆಗೆ ಬರುವುದಿದೆ, ಹತ್ತು ಗಂಟೆಗೆ ಬಂದು ಅರ್ಧ ತಾಸು ಇದ್ದು ಹೋಗುತ್ತೇನೆ ಎಂದಳು.

ಇಲ್ಲಿಗೆ ಕಥೆ ಸುಸೂತ್ರವಾಗಿ ಮುಗಿಯಬಹುದಿತ್ತು. ಆದರೆ ವಸಂತಕುಮಾರರು ಈ ಸುದ್ದಿಯನ್ನು ಗುಟ್ಟಾಗಿಟ್ಟು ಚೇರ್ಮನ್ನರ ಎದುರು ಒಮ್ಮೆಲೇ ಬಿಚ್ಚಬೇಕೆಂದು ನಿಶ್ಚಯಿಸಿದರು. ಗುಟ್ಟು ಕಾಯುವವನು ಮೊದಲು ದನಿ ತಗ್ಗಿಸಬೇಕು. ಅವರಿಗೆ ಫೋನಿನಲ್ಲಿ ದನಿ ತಗ್ಗಿಸಿ ಗೊತ್ತಿಲ್ಲ, ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಮನೆಯ ಮುಂದಿನ ಗ್ಯಾಲರಿಯಲ್ಲಿ ನಿಂತು ತಮ್ಮ ಹೋಟೆಲಿನ ಹಿರಿಯ ಅಡುಗೆಯವರಾದ ಬೂಬಣ್ಣನಿಗೆ ಫೋನ್ ಮಾಡಿದರು. ಸಭೆಯೆಂದರೆ ಚೇರ್ಮನ್ನರಿಗೆ ಅಧ್ಯಕ್ಷ ಭಾಷಣ ಕೊಡಲೇಬೇಕು, ಅದು ಉದ್ದವಾಗುತ್ತದೆ, ಆದ್ದರಿಂದ ಅದನ್ನು ಮೊದಲೇ ಮುಗಿಸಿಬಿಡಬೇಕು ಎಂಬ ಮುಂದಾಲೋಚನೆ ಅವರ ತಲೆಯಲ್ಲಿತ್ತು. ತಲೆಯಲ್ಲಿದ್ದದ್ದರಲ್ಲಿ ಅರ್ಧ ಮಾತ್ರ ಬಾಯಿಗೆ ಬಂತು.

“ಬೂಬಣ್ಣ, ಭಾನುವಾರ ಹತ್ತು ಗಂಟೆಗೆ ಶೂಟರ್ ಬರ್ತಾರೆ. ಮೊದಲು ಚೇರ್ಮನ್ನರದ್ದು ಮುಗಿಸುದು. ಅದಾದ ಕೂಡಲೇ ಊಟ. ಪಾಯಸ ಬೇಕೇ ಬೇಕು, ಖುಷಿಯ ದಿನ ಅಲ್ವಾ.”

ಕೆಳಗಿನ ಮನೆಯ ದಮಯಂತಿ ಆಗ ಬಟ್ಟೆ ಒಣಹಾಕುತ್ತಿದ್ದಳು. ಒದ್ದೆ ಲುಂಗಿಯೊಂದನ್ನು ಹಿಡಿದುಕೊಂಡು ಹಾಗೇ ನಿಂತಳು. ಆಮೇಲೆ ಅದನ್ನು ಬಕೆಟಿಗೆ ಹಾಕಿ ಎದುರುಮನೆಗೆ ಹೋದಳು. ಮುಂಬಯಿಯ ಸುತ್ತಮುತ್ತ ಶೂಟರ್ ಎಂಬ ಮಾತಿಗೆ ಮುಖ್ಯವಾದ ಅರ್ಥ ಒಂದೇ, ಅದಕ್ಕೂ ಕ್ರೀಡೆಗೂ ಸಂಬಂಧವಿಲ್ಲ. ಆ ಸಂಜೆಯೊಳಗೆ ವಸಂತಕುಮಾರರು ಬೂಬ ಭಾಯಿ ಎಂಬುವನಿಗೆ ಚೇರ್ಮನ್ನರ ಸುಪಾರಿ ಕೊಟ್ಟಿದ್ದಾರೆ ಎಂದಾಯಿತು. ಮರುದಿನ ಶೂಟರುಗಳು ಇಬ್ಬರಾದರು. ಅವರು ಈಗಾಗಲೇ ಘಣಸೋಲಿಗೆ ಬಂದಿಳಿದಿದ್ದಾರೆ ಎಂದು ಲಿಫ್ಟಿನಲ್ಲಿ ಒಬ್ಬರು ಹೇಳಿದರು. ನಾಲ್ಕನೆಯ ಮಹಡಿಯವರಿಗೆ ಎಲ್ಲಕ್ಕಿಂತ ಅಸಹ್ಯವೆನಿಸಿದ್ದು ಪಾಯಸ. ಏನೇ ಜಗಳವಿರಲಿ, ಅದಾದ ಮೇಲೆ ಸಿಹಿಯೂಟ ಹಾಕಿಸುವುದು ಮನುಷ್ಯರು ಮಾಡುವ ಕೆಲಸವಲ್ಲ ಎಂದರು.

ಮೋಹನದಾಸರು ಮಂಚವನ್ನು ಕಿಟಕಿಯಿಂದ ದೂರ ಎಳೆಸಿದರು. ಹಾಲು ತರಲು ಹೋಗುವಾಗ ಸ್ಕೂಟರಿನ ಹೆಲ್ಮೆಟ್ ಹಾಕಿಕೊಂಡು ಹೋಗತೊಡಗಿದರು, ಸ್ಕೂಟರ್ ಇಲ್ಲದೆ. ಮೆಟ್ಟಿಲಲ್ಲಿ ಎದುರಾದಾಗ ವಸಂತಕುಮಾರರು, ಭಾನುವಾರ ಮನೆಯಲ್ಲೇ ಇರ್ತೀರಲ್ಲ, ನೀವಿಲ್ಲದೆ ಆಗುದಿಲ್ಲ ಎಂದು ಅಕ್ಕರೆಯಿಂದ ವಿಚಾರಿಸಿದರು. ಚೇರ್ಮನ್ ಅಲ್ಲಿಂದ ನೆಟ್ಟಗೆ ಪೊಲೀಸ್ ಸ್ಟೇಷನ್ನಿಗೆ ಹೋದರು.

ಅಲ್ಲಿದ್ದ ಸಬ್-ಇನ್‌ಸ್ಪೆಕ್ಟರ್ ಶ್ರದ್ಧಾ ಎಲ್ಲವನ್ನೂ ತಾಳ್ಮೆಯಿಂದ ಕೇಳಿದಳು. ಆತ ಕೇಳುವ ಹಾಲ್ ಕೊಟ್ಟುಬಿಡಿ, ಏನು ಮಾಡುತ್ತಾನೋ ನೋಡೋಣ, ಭಾನುವಾರ ನಾನೇ ಸಾದಾ ಬಟ್ಟೆಯಲ್ಲಿ ಬರುತ್ತೇನೆ ಎಂದಳು. ಶನಿವಾರ ವಾಚ್‌ಮನ್ ಬಂದು ಹಾಲ್‌ನ ಕೀಲಿಕೈಯನ್ನು ವಸಂತಕುಮಾರರಿಗೆ ಒಪ್ಪಿಸಿದ. ತಾವು ಹೇಳಿದಂತೆಯೇ ಚೇರ್ಮನ್ ಕೀಲಿ ಬಿಟ್ಟುಕೊಟ್ಟದ್ದನ್ನು ನೋಡಿ ವಸಂತಕುಮಾರರಿಗೆ ತಮ್ಮ ಬಗ್ಗೆ ಹೊಸದಾಗಿ ಗೌರವ ಹುಟ್ಟಿತು.

ಭಾನುವಾರ ಬೆಳಿಗ್ಗೆ ಜಯಲತಾ ಹೂ ತರಲು ರೈಲ್ವೆ ಸ್ಟೇಷನ್ ಕಡೆಗೆ ಹೋದಳು. ವಸಂತಕುಮಾರರು ಶಾಲು, ಮೈಸೂರು ಪೇಟ, ಫಲತಾಂಬೂಲ ಹಿಡಿದು ಹಾಲ್‌ನ ಬಾಗಿಲಲ್ಲಿ ನಿಂತರು. ಶರ್ಮಿಳಾಳ ಫೋಟೋವನ್ನು ಅವರು ಪೇಪರಿನಲ್ಲಿ ನೋಡಿದ್ದರು. ಆದರೆ ಗುರಿ ಹಿಡಿದ ಫೋಟೋದಲ್ಲಿ ಟೋಪಿ ಹಣೆಯವರೆಗೆ ಇರುತ್ತದೆ, ಒಂದು ಕಣ್ಣಿಗೆ ಅಡ್ಡಪಟ್ಟಿ ಇರುತ್ತದೆ, ಉಳಿದ ಮುಖದ ಮೇಲೆ ಕೈಯ ನೆರಳು ಇರುತ್ತದೆ. ಅಂಥ ಮುಖವನ್ನು ಹೆತ್ತವರೂ ಗುರುತಿಸಲಾರರು. ಹತ್ತಕ್ಕೆ ಸ್ವಲ್ಪ ಮೊದಲು ಎತ್ತರದ ಹೆಂಗಸೊಬ್ಬಳು ಗೇಟಿನೊಳಗೆ ಬಂದಳು. ಭುಜ ಅಗಲ, ನಡಿಗೆ ಗಟ್ಟಿ, ಕಣ್ಣು ಒಂದೇ ಸಮನೆ ಮೂಲೆ ಮೂಲೆ ನೋಡುತ್ತಿತ್ತು. ಇಂಥ ಕಣ್ಣು ಪದಕ ಗೆಲ್ಲದೆ ಇನ್ನೇನು ಮಾಡೀತು ಎಂದುಕೊಂಡು ವಸಂತಕುಮಾರರು ಕೈಮುಗಿದರು.

“ಶೂಟಿಂಗ್ ಕೇ ಸಿಲ್ಸಿಲೇ ಮೇ ಆಯೀ ಹೂಂ,” ಎಂದಳು ಶ್ರದ್ಧಾ. ಶೂಟಿಂಗಿನ ವಿಷಯವಾಗಿ ಬಂದಿದ್ದೇನೆ ಎನ್ನುವುದರಲ್ಲಿ ಅವಳಂತೂ ಸುಳ್ಳು ಹೇಳಿರಲಿಲ್ಲ.

ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ಹಿಂದಿಯಲ್ಲೇ ಮಾತಾಡುತ್ತಾರೆ ಎಂದು ವಸಂತಕುಮಾರರು ಕ್ಷಮಿಸಿ, ತಾವೂ ಹಿಂದಿಗೆ ಇಳಿದರು. ಒಳಗೆ ಕರೆದೊಯ್ದು ಕೂರಿಸಿ, ಬೇಡ ಬೇಡ ಎನ್ನುವಷ್ಟರಲ್ಲಿ ಶಾಲು ಹೊದಿಸಿ ತಲೆಗೆ ಪೇಟ ಇಟ್ಟರು. ಗುಟ್ಟು ಕಾಯಬೇಕಾದ ಅಧಿಕಾರಿಗೆ ಪೇಟ ತೆಗೆಯಲು ಯಾವ ಕಾರಣವೂ ಹೊಳೆಯಲಿಲ್ಲ. ಇದುವರೆಗೆ ಒಟ್ಟು ಎಷ್ಟಾಯಿತು ಎಂದು ವಸಂತಕುಮಾರರು ಕೇಳಿದರು. ಕೇಳಿದ್ದು ಪದಕದ ಲೆಕ್ಕ. ಶ್ರದ್ಧಾ ಇಂಥ ಪ್ರಶ್ನೆಗೆ ಸಿದ್ಧಳಾಗಿ ಬಂದಿರಲಿಲ್ಲ, ಇದ್ದದ್ದನ್ನು ಹೇಳಿದಳು.

“ಏಕ್ ಹೀ. ಪೈರ್ ಮೇ ಲಗೀ ಥೀ.” ಒಂದೇ, ಕಾಲಿಗೆ ತಗಲಿತ್ತು ಎಂದು ಅವಳು ಹೇಳಿದ್ದು ತಾನು ಹಾರಿಸಿದ ಗುಂಡಿನ ಲೆಕ್ಕ.

ಕಾಲಿಗೆ ಪೆಟ್ಟಾಗಿದ್ದಾಗಲೂ ಪದಕ ಗೆದ್ದಿದ್ದಾಳೆ ಎಂದು ತಿಳಿದ ವಸಂತಕುಮಾರರ ಕಣ್ಣು ತುಂಬಿತು. ಆ ಭಾವುಕತೆಯಲ್ಲೇ ಕಾರ್ಯಕ್ರಮ ವಿವರಿಸಿದರು. ಮುಂದಿನ ಸಾಲಿನ ನಡುವಿನ ಕುರ್ಚಿ ಚೇರ್ಮನ್ನರಿಗೇ ಎಂದು ಮೀಸಲಿಟ್ಟದ್ದು. ಅವರು ಬಂದು ಕೂತ ಮೇಲೆಯೇ ಶುರು. ಯಾರೂ ಅತ್ತಿತ್ತ ಹೋಗದಂತೆ ಹಿಂದಿನ ಬಾಗಿಲು ಹಾಕಿಸಿದ್ದಾಗಿದೆ. ಒಂದು ಸಲ ನೀವು ಅವರ ಕಣ್ಣೆದುರೇ ಮಾಡಿ ತೋರಿಸಿಬಿಟ್ಟರೆ ಸಾಕು, ಆಮೇಲೆ ಅವರು ಬಾಯಿ ತೆರೆಯುವುದಿಲ್ಲ ಎಂದರು. ಶ್ರದ್ಧಾ ಪೇಟದ ಕೆಳಗಿನಿಂದ ಕಿಟಕಿಯ ಕಡೆ ನೋಡಿ, ಹೊರಗಿದ್ದ ಕಾನ್‌ಸ್ಟೇಬಲ್‌ಗೆ ಸನ್ನೆ ಮಾಡಿದಳು.

ಅದೇ ಹೊತ್ತಿಗೆ ಗೇಟಿನಲ್ಲಿ ರಿಕ್ಷಾ ನಿಂತಿತು. ಕನ್ನಡಕ ಹಾಕಿದ, ಸಣ್ಣ ಮೈಕಟ್ಟಿನ ಹುಡುಗಿಯೊಬ್ಬಳು ಕೈಯಲ್ಲಿ ಕಪ್ಪು ಪೆಟ್ಟಿಗೆ ಹಿಡಿದು ಇಳಿದಳು. ವಸಂತಕುಮಾರರು ಬಾಗಿಲಿನಿಂದಲೇ ನೋಡಿ, ಪಾರ್ಸೆಲ್ ಅಲ್ಲೇ ಇಟ್ಟು ಹೋಗಮ್ಮ ಎಂದು ಕೈಬೀಸಿದರು. ಶರ್ಮಿಳಾ ಇನ್ನೊಂದು ಹೆಜ್ಜೆ ಇಡುವ ಮೊದಲೇ ಕಾನ್‌ಸ್ಟೇಬಲ್ ಪೆಟ್ಟಿಗೆ ತೆರೆಸಿದ. ಒಳಗೆ ಪಿಸ್ತೂಲು ಕಂಡಿತು. ಮೇಲಿನ ಗ್ಯಾಲರಿಗಳಲ್ಲಿ ಒಂದೇ ಬಾರಿಗೆ ಬಾಗಿಲುಗಳು ಮುಚ್ಚಿಕೊಂಡವು. ಆಮೇಲೆ ಏನಾಗುತ್ತದೆಂದು ನೋಡಲು ಒಂದೊಂದಾಗಿ ಮತ್ತೆ ತೆರೆದುಕೊಂಡವು.

ಹೂವಿನ ಚೀಲ ಹಿಡಿದು ಬಂದ ಜಯಲತಾಳಿಗೆ ಕಂಡದ್ದು ವಾಚ್‌ಮನ್ನನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತ ದೇಶದ ಚಾಂಪಿಯನ್, ಆಕೆಯ ಪಕ್ಕದಲ್ಲಿ ಕಾವಲು ನಿಂತ ಪೊಲೀಸ್. ಕಾನ್‌ಸ್ಟೇಬಲ್ ಬೇಡವೆಂದರೂ ಕೇಳದೆ ಅವಳು ಶರ್ಮಿಳಾಳ ಕೈಹಿಡಿದು ಎಬ್ಬಿಸಿ, ನೇರವಾಗಿ ಹಾಲ್‌ಗೆ ಕರೆತಂದಳು. ಪೆಟ್ಟಿಗೆ ಹಿಡಿದ ಕಾನ್‌ಸ್ಟೇಬಲ್ ಹಿಂದೆಯೇ ಬಂದ. ಜಯಲತಾ ಬಾಗಿಲಲ್ಲಿ ನಿಂತು ಒಳಗೆ ನೋಡಿದಳು.

“ಇವರೇ,” ಎಂದಳು ಗಂಡನಿಗೆ, “ಶರ್ಮಿಳಾ ಇಲ್ಲಿದ್ದಾರೆ. ಪೇಟ ಯಾರ ತಲೆ ಮೇಲುಂಟು?”

ಶ್ರದ್ಧಾ ಪೇಟ ತೆಗೆದು ಮಡಿಲಲ್ಲಿಟ್ಟುಕೊಂಡು ತನ್ನ ಗುರುತಿನ ಚೀಟಿ ತೋರಿಸಿದಳು. ಆಮೇಲೆ ನಡೆದ ಮಾತುಕತೆ ಕನ್ನಡ, ಹಿಂದಿ, ಮರಾಠಿ ಮೂರರಲ್ಲೂ ಒಟ್ಟಿಗೆ ನಡೆಯಿತು. ಬೂಬ ಭಾಯಿ ಯಾರೆಂದು ಅಧಿಕಾರಿ ಕೇಳಿದಳು. ಮೂಲೆಯಲ್ಲಿ ಪಾಯಸದ ಪಾತ್ರೆ ಇಳಿಸುತ್ತಿದ್ದ ಬೂಬಣ್ಣ ಕೈ ಎತ್ತಿದರು. ಚೇರ್ಮನ್ನರದ್ದು ಮುಗಿಸುವುದು ಎಂದರೆ ಭಾಷಣ ಎಂದು ತಿಳಿದಾಗ ಶ್ರದ್ಧಾ ಶಾಲನ್ನೂ ತೆಗೆದು ಮಡಚಿ ಪೇಟದ ಮೇಲಿಟ್ಟಳು. ವಸಂತಕುಮಾರರು ಶರ್ಮಿಳಾಳಿಗೆ ಸಾರಿ ಹೇಳಿದರು, ಶ್ರದ್ಧಾಳಿಗೆ ಹೇಳಿದರು, ಕಾನ್‌ಸ್ಟೇಬಲ್‌ಗೆ ಹೇಳಿದರು, ತಪ್ಪಿ ಬೂಬಣ್ಣನಿಗೂ ಹೇಳಿದರು.

ಅಷ್ಟರಲ್ಲಿ ಹೆಲ್ಮೆಟ್ ಹಾಕಿಕೊಂಡೇ ಮೋಹನದಾಸರು ಇಳಿದು ಬಂದರು. ಅಪಾಯವಿಲ್ಲವೆಂದು ಖಾತ್ರಿಯಾದ ಮೇಲೆ ಅವರ ಸಿಟ್ಟಿಗೆ ಬಲ ಬಂದಿತ್ತು. ಒಂದು ವಾರ ತಾನು ನಿದ್ದೆ ಮಾಡಿಲ್ಲ, ಇದನ್ನು ಹೀಗೆ ಬಿಡುವುದಿಲ್ಲ ಎಂದರು. ವಸಂತಕುಮಾರ ಎಲ್ಲರೆದುರು ತನ್ನಲ್ಲಿ ಕ್ಷಮೆ ಕೇಳಬೇಕು, ಹಾಲ್‌ನ ಕೀಲಿ ಈಗಲೇ ವಾಪಸ್ ಕೊಡಬೇಕು, ಹೆಂಡತಿಯ ಪಿಸ್ತೂಲಿನ ಹುಚ್ಚು ಇವತ್ತಿಗೆ ನಿಲ್ಲಬೇಕು. ಇಲ್ಲವಾದರೆ ದೂರು ದೂರೇ. ಶ್ರದ್ಧಾಳಿಗೆ ಭಾನುವಾರ ಹಾಳಾಗುವುದು ಬೇಡವಾಗಿತ್ತು. ಒಂದು ಸಾರಿ ಹೇಳಿ ಮುಗಿಸಿಬಿಡಿ ಎಂದು ವಸಂತಕುಮಾರರಿಗೆ ಹೇಳಿದಳು.

ಜೀವಮಾನವಿಡೀ ಸಾರಿ ಹೇಳಿದ ಮನುಷ್ಯನಿಗೆ ಇನ್ನೊಂದು ಹೇಳುವುದು ದೊಡ್ಡದಲ್ಲ. ಬಾಯಿ ತೆರೆದೂ ಆಗಿತ್ತು. ಆಗ ಅವರ ಕಣ್ಣು ಜಯಲತಾಳ ಮೇಲೆ ಬಿತ್ತು. ಅವಳು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಹಾಲ್‌ನ ಆ ತುದಿಯ ಬರಿಗೋಡೆಯನ್ನು ನೋಡುತ್ತಿದ್ದಳು, ಅದನ್ನು ಕೊನೆಯ ಸಲ ನೋಡುವವಳ ಹಾಗೆ. ತೆರೆದ ಬಾಯಿಯನ್ನು ವಸಂತಕುಮಾರರು ಒಮ್ಮೆ ಮುಚ್ಚಿಕೊಂಡರು.

“ಹೇಳುದಿಲ್ಲ,” ಎಂದರು.

ಏನು ಹೇಳುವುದಿಲ್ಲ ಎಂದು ಮೋಹನದಾಸರು ಕೇಳಿದರು.

“ಸಾರಿ ಹೇಳುದಿಲ್ಲ. ಕೀಲಿ ಕೊಡುದಿಲ್ಲ. ಅವಳು ನಿಲ್ಲಿಸುದಿಲ್ಲ.”

ಹಾಗಾದರೆ ನೀವೂ ಚೇರ್ಮನ್ನರೂ ಸ್ಟೇಷನ್ನಿಗೆ ಬರಬೇಕಾಗುತ್ತದೆ ಎಂದಳು ಶ್ರದ್ಧಾ. ಬರುತ್ತೇನೆ, ಆದರೆ ಪ್ರೋಗ್ರಾಂ ಮುಗಿಸಿ ಬರುತ್ತೇನೆ, ಕರೆಸಿದ ಅತಿಥಿಯನ್ನು ಹಾಗೇ ಕಳಿಸಲಾಗುವುದಿಲ್ಲ ಎಂದು ವಸಂತಕುಮಾರರು ಮೈಕ್ ಹಿಡಿದರು. ಮೇಲಿನಿಂದ ನೋಡಿ ಸಾಕಾಗಿದ್ದ ಜನ ಒಬ್ಬೊಬ್ಬರಾಗಿ ಇಳಿದು ಬಂದು ಕುಳಿತರು. ದಮಯಂತಿ ಮೊದಲ ಸಾಲಿನಲ್ಲೇ ಕುಳಿತಳು. ಈಗ ಮಾನ್ಯ ಚೇರ್ಮನ್ನರಿಂದ ಅಧ್ಯಕ್ಷ ಭಾಷಣ ಎಂದು ಮೈಕಿನಲ್ಲಿ ಕರೆಯಾಯಿತು. ಮಾನ್ಯ ಚೇರ್ಮನ್ನರು ತಾನು ಏಳುವುದಿಲ್ಲ ಎಂದು ಹೆಲ್ಮೆಟ್ಟಿನೊಳಗಿನಿಂದಲೇ ಹೇಳಿದರು.

“ಆಯ್ತು, ಚೇರ್ಮನ್ನರದ್ದು ಮುಗಿಯಿತು,” ಎಂದು ಘೋಷಿಸಿ ವಸಂತಕುಮಾರರು ಶರ್ಮಿಳಾಳನ್ನು ಕರೆದರು.

ಶರ್ಮಿಳಾ ಭಾಷಣ ಮಾಡಲಿಲ್ಲ. ಅವಳ ಕನ್ನಡ ಅರ್ಧ, ಉಳಿದದ್ದು ಹಿಂದಿ. ಪಿಸ್ತೂಲು ಖಾಲಿಯೆಂದು ಮೊದಲು ಶ್ರದ್ಧಾಳಿಗೆ ತೋರಿಸಿದಳು. ಆಮೇಲೆ ಅದನ್ನು ಮೋಹನದಾಸರ ಮುಂದೆ ಹಿಡಿದು, ಆಂಟಿಗೆ ಈ ಪ್ರಾಯದಲ್ಲಿ ಬೇಡ ಅಂದಿರಂತೆ, ಅಂಕಲ್ ಒಮ್ಮೆ ಗೋಡೆ ಕಡೆ ಹಿಡಿದು ನೋಡಿ ಎಂದಳು. ಎಲ್ಲರೂ ನೋಡುತ್ತಿದ್ದರು, ಇಲ್ಲವೆನ್ನಲಾಗಲಿಲ್ಲ. ಮೋಹನದಾಸರು ಹೆಲ್ಮೆಟ್ ತೆಗೆದು, ಕೈ ನೀಡಿ ನಿಂತರು. ಸ್ವಲ್ಪ ಹೊತ್ತಿಗೆ ಕೈ ನಡುಗಿತು, ಆಮೇಲೆ ತೋಳು, ಆಮೇಲೆ ಗಲ್ಲ. ಅವರು ಕೈ ಇಳಿಸಿ, ತನಗೆ ಬೆಳಿಗ್ಗೆಯಿಂದ ತಿಂಡಿಯಾಗಿಲ್ಲ ಎಂದರು.

ಪಿಸ್ತೂಲು ಜಯಲತಾಳ ಕೈಗೆ ಬಂತು. ಅವಳು ಸೆರಗು ಸಿಕ್ಕಿಸಿ, ಎಡಗೈಯನ್ನು ಸೊಂಟಕ್ಕಿಟ್ಟು, ಬಲಗೈ ಎತ್ತಿದಳು. ಶರ್ಮಿಳಾ ಹೂವಿನ ಚೀಲದಿಂದ ಒಂದು ಸೇವಂತಿಗೆ ತೆಗೆದು ನಳಿಗೆಯ ತುದಿಯ ಮೇಲೆ ಇಟ್ಟಳು. ಜಯಲತಾ ಪಿಸ್ತೂಲಿನ ಕುದುರೆ ಎಳೆದಳು. ಟಕ್ ಎಂದು ಸದ್ದಾಯಿತು, ಹೂ ಅಲ್ಲೇ ಇತ್ತು. ಮತ್ತೆ ಎಳೆದಳು, ಆಗಲೂ ಇತ್ತು. ಇಷ್ಟೇನಾ ಎಂದು ಹಿಂದಿನಿಂದ ಯಾರೋ ಕೇಳಿದರು. ಇಷ್ಟೇ ಎಂದಳು ಶರ್ಮಿಳಾ. ಆಮೇಲೆ ಮೊದಲು ಚಪ್ಪಾಳೆ ತಟ್ಟಿದವಳು ಸಬ್-ಇನ್‌ಸ್ಪೆಕ್ಟರ್ ಶ್ರದ್ಧಾ. ತಟ್ಟಿದ ಮೇಲೆ ತಾನು ಡ್ಯೂಟಿಯಲ್ಲಿದ್ದೇನೆಂದು ನೆನಪಾಗಿ ಕೈ ಹಿಂದಕ್ಕೆ ಕಟ್ಟಿಕೊಂಡಳು.

ಪಾಯಸ ಮುಗಿದ ಮೇಲೂ ಮೋಹನದಾಸರು ದೂರು ಬಿಡಲಿಲ್ಲ. ಹೀಗಾಗಿ ಎಲ್ಲರೂ ಸ್ಟೇಷನ್ನಿಗೆ ಹೋದರು. ಜೀಪಿನಲ್ಲಿ ಇಬ್ಬರೇ ಹೋಗಬೇಕಿತ್ತು. ಆದರೆ ಶರ್ಮಿಳಾ ತನ್ನ ಅರ್ಧ ತಾಸು ಎಂದೋ ಮುಗಿದಿದ್ದರೂ ಜಯಲತಾಳ ಜೊತೆ ರಿಕ್ಷಾ ಹತ್ತಿದಳು. ಹಿಂದಿನಿಂದ ನಾಲ್ಕನೆಯ ಮಹಡಿಯವರು ಬಂದರು. ಒಂದು ವಾರ ಸುದ್ದಿ ಹಂಚಿದ ತಪ್ಪಿಗೋ ಏನೋ, ದಮಯಂತಿ ಎಲ್ಲರಿಗಿಂತ ಮೊದಲೇ ಬಂದು, ತಾನು ಕೇಳಿದ್ದು ಭಾಷಣ ಎಂದೇ ಎಂದು ಸಾಕ್ಷಿ ಹೇಳಲು ನಿಂತಳು. ಚೇರ್ಮನ್ನರ ಪಕ್ಕದಲ್ಲಿ ನಿಲ್ಲಲು ಯಾರೂ ಬಂದಿರಲಿಲ್ಲ. ದೂರು ಬರೆಸಲು ಕುಳಿತ ಮೋಹನದಾಸರು ಪಾಯಸದವರೆಗೆ ಹೇಳಿ ನಿಲ್ಲಿಸಿದರು, ಏಕೆಂದರೆ ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೇಬಲ್ ತಲೆ ಬಗ್ಗಿಸಿ ನಗುತ್ತಿದ್ದ. ಸುತ್ತ ಒಮ್ಮೆ ನೋಡಿ, ಏನೂ ಬೇಡ, ದೂರು ವಾಪಸ್ ಎಂದು ಹೇಳಿ ಎದ್ದು ಹೊರಟುಹೋದರು.

ನೀವೂ ಹೋಗಬಹುದು ಎಂದು ಶ್ರದ್ಧಾ ವಸಂತಕುಮಾರರಿಗೆ ಹೇಳಿದಳು.

ಅವರು ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡು ಗಟ್ಟಿಯಾಗಿ ಕುಳಿತರು. ಕರೆತಂದದ್ದು ನೀವು, ಹೇಳಿಕೆ ಕೊಡದೆ ಹೋಗುವುದಿಲ್ಲ ಎಂದರು. ದೂರೇ ಇಲ್ಲ, ಯಾತರ ಹೇಳಿಕೆ ಎಂದಳು ಶ್ರದ್ಧಾ.

“ಇರ್ಲಿ ಮೇಡಂ, ಬರ್ಕೊಳ್ಳಿ. ಕೋಪರಿಯ ವಸಂತಕುಮಾರ ಶೂಟರನ್ನು ಕರೆಸಿದ್ದು ನಿಜ. ಬರುವ ವರ್ಷವೂ ಕರೆಸ್ತಾನೆ. ದೂರದಿಂದ ಬರಬೇಕು ಅಂತ ಇಲ್ಲ, ಒಬ್ಬಳು ಮನೆಯಲ್ಲೇ ಇದ್ದಾಳೆ.”

ವಸಂತಕುಮಾರರು ಬೆರಳು ತೋರಿಸಿದ ಕಡೆ ಶ್ರದ್ಧಾ ನೋಡಿದಳು. ಗೋಡೆಯ ಬದಿಯ ಬೆಂಚಿನ ಹತ್ತಿರ ಶರ್ಮಿಳಾ ಜಯಲತಾಳ ಮಣಿಕಟ್ಟು ಸರಿಪಡಿಸುತ್ತಿದ್ದಳು. ಪಿಸ್ತೂಲು ಪೆಟ್ಟಿಗೆಯಲ್ಲಿತ್ತು. ಇಬ್ಬರೂ ಬರಿಗೈಯನ್ನೇ ಎದುರಿನ ಗೋಡೆಯ ಕಡೆಗೆ ನೀಡಿ, ಒಂದು ಕಣ್ಣು ಕಿರಿದು ಮಾಡಿ ನಿಂತಿದ್ದರು. ಆ ಗೋಡೆಗೊರಗಿ ಕುಳಿತಿದ್ದ, ಮೊಬೈಲ್ ಕದ್ದು ಸಿಕ್ಕಿಬಿದ್ದವನೊಬ್ಬ ಇಬ್ಬರನ್ನೂ ನೋಡಿ, ಮೆಲ್ಲಗೆ ಗೋಡೆಯ ಆಚೆ ತುದಿಗೆ ಸರಿದು ಕುಳಿತ.

ಜಯಲತಾ ಕೈ ಇಳಿಸಲಿಲ್ಲ.